ಗಡಗಿ ಯಾಕೆ ಒಡೆಯುತ್ತದೆ ಎಂದು ಬರೆದ ಮಳೆಗಾಲ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಶಿವಾಜಿ ಕಾಕಾ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಖಾನಾಪುರದಲ್ಲಿ ನಮ್ಮ ಮಣ್ಣಿನ ಪಾತ್ರೆಗಳ ಅಂಗಡಿ ನೋಡಿಕೊಳ್ಳುವವರು. ಅಪ್ಪ ತಿಗರಿ ತಿರುಗಿಸಿ ಗಡಗಿ ಮಾಡುತ್ತಾರೆ, ಕಾಕಾ ಮಾರುತ್ತಾರೆ. ಮೊದಲಿನಿಂದಲೂ ಮಣ್ಣು ಅಪ್ಪನ ಪಾಲಿಗೆ, ಮಾತು ಕಾಕಾನ ಪಾಲಿಗೆ. ಆನ್‌ಲೈನಿನಲ್ಲಿ ಗಡಗಿ ಮಾರುವುದು, ಅದನ್ನೇ ಹಿಡಿದು ನಾನು ಡಿಗ್ರಿ ಮುಗಿಸುವುದು, ಎರಡನ್ನೂ ಅವರು ಒಂದೇ ಉಸಿರಿನಲ್ಲಿ ತಳ್ಳಿಹಾಕಿದರು.

"ರೇಣು, ಗಡಗಿ ಅಂದ್ರ ಬೆರಳಿಲೆ ಬಡದು, ಸಪ್ಪಳ ಕೇಳಿ ತಗೊಳ್ಳೂ ಮಾಲು. ಫೋನಿನ್ಯಾಗ ಹೆಂಗ ಬಡೀತಾರ? ಇನ್ನ ಡಿಗ್ರಿ ಅಂತೀ. ನಮ್ಮ ಮನ್ಯಾಗ ಪಿಯುಸಿ ದಾಟಿದಾಕಿನ ನೀ ಒಬ್ಬಾಕಿ. ಅಷ್ಟಕ್ಕ ಸಾಕಂತ ತಿಳ್ಕೋ."

ಅಪ್ಪ ಬಾಜೂ ಕೂತು ಕೈಗೆ ಮೆತ್ತಿದ ಮಣ್ಣು ಉದುರಿಸುತ್ತಿದ್ದರು.

ಇದೆಲ್ಲ ನೆನಪಾದದ್ದು ಹೋದ ವಾರ, ಬೆಳಗಾವಿಯ ವಡಗಾವಿಯಲ್ಲಿ. ಜೊತೆಗೆ ಕೆಲಸ ಮಾಡುವ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಒಳಗಿನಿಂದ ಒಂದು ವಾಸನೆ ಬಂತು. ಹೊಸ ಗಡಗಿಯಲ್ಲಿ ಅಕ್ಕಿಯ ಗಂಜಿ ಕುದಿಯುವ ವಾಸನೆ. ಅರ್ಧ ಅನ್ನದ್ದು, ಅರ್ಧ ಹಸಿಮಣ್ಣಿನದು. ಹೊಸ ಗಡಗಿಯನ್ನು ಅಡುಗೆಗೆ ಹಚ್ಚುವ ಮೊದಲು ಹಾಗೆ ಗಂಜಿ ಕುದಿಸಿ ಪಳಗಿಸುತ್ತಾರೆ. ಗೆಳತಿ ಕುಂದರು ಎಂದಳು. ಕೂರಲಾಗಲಿಲ್ಲ. ಕಾಲು ತಾವಾಗಿಯೇ ಅತ್ತಿತ್ತ ಓಡಾಡತೊಡಗಿದವು, ಡಿಗ್ರಿಯ ಕೊನೆಯ ವರ್ಷದ ಮಳೆಗಾಲದಲ್ಲಿ ಓಡಾಡಿದ ಹಾಗೆಯೇ. ಇಡೀ ಮಳೆಗಾಲ ನಾನು ಒಂದು ಕಡೆ ಕೂತದ್ದು ನೆನಪಿಲ್ಲ. ಕೂತಿದ್ದರೆ ಅದು ಬಸ್ಸಿನಲ್ಲಿ, ಅದೂ ಕಿಟಕಿಗೆ ಫೋನು ಹಿಡಿದು ಸಿಗ್ನಲ್ ಹುಡುಕುತ್ತ.

ಪಿಯುಸಿ ಆದ ಮೇಲೆ ನನ್ನನ್ನು ಎರಡು ವರ್ಷ ಮನೆಯಲ್ಲಿ ಕೂರಿಸಿದ್ದರು. ಕೂರಿಸಿದ್ದರು ಎನ್ನುವುದು ಮಾತಿಗೆ. ಮಣ್ಣು ಸೋಸುವುದು, ಹುಲ್ಲಿನಲ್ಲಿ ಗಡಗಿ ಕಟ್ಟುವುದು, ಅಂಗಡಿ ಕಸ ಹೊಡೆಯುವುದು ಎಲ್ಲ ಮಾಡಿದೆ. ಆಮೇಲೆ ಅವ್ವನ ಮುಂದೆ ಅತ್ತು, ಕಾಕಾನ ಜೊತೆ ಜಗಳಾಡಿ ಬೆಳಗಾವಿಯಲ್ಲಿ ಬಿ.ಕಾಂ.ಗೆ ಸೇರಿದೆ. ದಿನಾ ಬಸ್ಸಿಗೆ ಹೋಗಿ ಬಂದೆ. ಕೊನೆಯ ವರ್ಷ ಒಂದು ಹೊಸ ತೊಡಕು ಬಂತು. ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿತು, ಅವರಿಂದ ಪ್ರಮಾಣಪತ್ರ ತರಬೇಕು, ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿದರು. ಮನೆಗೆ ಬಂದು ಹೇಳಿದೆ. ಕಾಕಾ ತಮ್ಮ ಕರಾರು ಹಾಕಿದರು. "ಈ ವರ್ಸ ಮುಗಸ್ತೀಯೋ, ಛಲೋ. ಮುಗೀಲಿಲ್ಲಂದ್ರ ಮುಂದಿನ ವರ್ಸ ಅಂತ ಹೇಳಬ್ಯಾಡ. ಬ್ಯಾಸಗ್ಯಾಗ ನಿನ್ನ ಮದುವಿ. ಪೂಜಾಂದೂ ಪಿಯುಸಿಗೇ ಮುಗೀತು."

ಪೂಜಾ ಕಾಕಾನ ಮಗಳು. ಆಗಷ್ಟೇ ಪಿಯುಸಿ ಸೇರಿದ್ದಳು. ತನ್ನ ಅಪ್ಪನ ಮಾತು ಕೇಳಿಯೂ ಕೇಳದವಳಂತೆ ತಲೆ ಬಗ್ಗಿಸಿ ಭಕ್ಕರಿ ಮುರಿಯುತ್ತಿದ್ದಳು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಇಮ್ತಿಯಾಜ್ ಸರ್ ಅವರ ಸಣ್ಣ ಆಫೀಸು. ವ್ಯಾಪಾರಿಗಳಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟು, ಅದು ಸರ್ಚ್‌ನಲ್ಲಿ ಮೇಲೆ ಬರುವ ಹಾಗೆ ಮಾಡುವುದು ಅವರ ಉದ್ಯೋಗ. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ. ಮೆಟ್ಟಿಲು ಹತ್ತುವವರೆಲ್ಲ ಸೀನುತ್ತಲೇ ಒಳಗೆ ಬರುತ್ತಿದ್ದರು. ನಾನೂ ಸೀನಿ, ಮೂಗು ಒರೆಸಿಕೊಂಡು, ಪ್ರಮಾಣಪತ್ರ ಬೇಕಾಗಿತ್ತು ಎಂದೆ.

"ಇಲ್ಲಿ ಕುಂತು ಚಹಾ ಕುಡದದ್ದಕ್ಕ ನಾ ಸರ್ಟಿಫಿಕೇಟ್ ಕೊಡೂದಿಲ್ಲ ಬೇಟಾ," ಎಂದರು ಸರ್. "ಒಂದ ಅಂಗಡಿ ತಗೋ. ದಸರಾ ಸೂಟಿ ಬರೂದ್ರೊಳಗ ಅದನ್ನ ಸರ್ಚ್‌ನ ಮೊದಲನೇ ಪುಟಕ್ಕ ತಾ. ಅಂಗಡಿ ಹೆಸರ ಹೊಡದ್ರ ಬರೂದು ಲೆಕ್ಕಕ್ಕ ಹಿಡಿಯೂದಿಲ್ಲ. ನಿಮ್ಮ ಹೆಸರ ಗೊತ್ತಿಲ್ಲದ ಮನಷ್ಯಾಗ ನೀವು ಕಾಣಬೇಕು."

"ಆಗಲಿಲ್ಲಂದ್ರ ಸರ್?"

"ಆಗಲಿಲ್ಲಂದ್ರ ಆಗಲಿಲ್ಲ ಅಂತ ಬರದು ಕೊಡ್ತೇನಿ. ಸುಳ್ಳ ಬರಿಯೂದಿಲ್ಲ."

ನಾನು ನಮ್ಮ ಗಡಗಿ ಅಂಗಡಿಯನ್ನೇ ತೆಗೆದುಕೊಂಡೆ. ಕಾಕಾ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ಮೊದಲು ಗೋವಾಕ್ಕೆ ಹೋಗುವ ಗಾಡಿಗಳೆಲ್ಲ ನಮ್ಮ ಅಂಗಡಿಯ ಮುಂದೆಯೇ ಹಾಯುತ್ತಿದ್ದವು. ಒಂದಲ್ಲ ಒಂದು ನಿಲ್ಲುತ್ತಿತ್ತು. ಹೊಸ ರಸ್ತೆ ಊರ ಹೊರಗಿನಿಂದ ಹೋದ ಮೇಲೆ ಅಂಗಡಿಯ ಮುಂದೆ ಸುಮ್ಮನೆ ದನ ಮಲಗುತ್ತಿದ್ದವು. ಸರ್ಚ್‌ನಲ್ಲಿ ಹಿಂದಿನ ಪುಟಗಳಲ್ಲಿ ಬಿದ್ದರೆ ಯಾರೂ ಅಲ್ಲಿಯವರೆಗೆ ಬರುವುದಿಲ್ಲ ಎಂದು ನಾನು ವಿವರಿಸಿದಾಗ ಕಾಕಾಗೆ ತಕ್ಷಣ ತಿಳಿಯಿತು. "ಅಂದ್ರ ಅಲ್ಲೂ ನಮ್ಮ ರಸ್ತಾ ಬ್ಯಾರೆ ಕಡೆ ಹೋಗೈತಿ ಅನ್ನು," ಎಂದರು. "ಆಡ್ಕೋ. ಮಳಿಗಾಲದಾಗ ಹೆಂಗಿದ್ರೂ ತಿಗರಿ ಬಂದ್."

ಖಾನಾಪುರದ ಮಳೆ ಗೊತ್ತಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಣ್ಣು ಒಣಗುವುದಿಲ್ಲ, ಗಡಗಿ ಸುಡುವ ಆವಿಗೆ ಹೊತ್ತುವುದಿಲ್ಲ. ಬೇಸಿಗೆಯಲ್ಲಿ ಸುಟ್ಟು ಇಟ್ಟ ಗಡಗಿಗಳು ಅಟ್ಟದ ಮೇಲೆ ಹುಲ್ಲಿನೊಳಗೆ ಇರುತ್ತವೆ. ಅಪ್ಪ ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ಆಕಾಶ ನೋಡಿ ಒಳಗೆ ಹೋಗುತ್ತಿದ್ದರು. ನಾನು ಅಷ್ಟೇ ಸಲ ಫೋನು ನೋಡುತ್ತಿದ್ದೆ. ಮನೆಯಲ್ಲಿ ಇಬ್ಬರಿಗೆ ಒಂದೇ ರೋಗ ಬಂದಿದೆ ಎಂದು ಅವ್ವ ಅನ್ನುತ್ತಿದ್ದಳು.

ಮೊದಮೊದಲು ಎಲ್ಲ ತಪ್ಪು ಮಾಡಿದೆ. ದೊಡ್ಡ ದೊಡ್ಡ ಫೋಟೋ ಹಾಕಿದೆ. ಪುಟ ತೆರೆಯುವಷ್ಟರಲ್ಲಿ ನೋಡುವವರು ಎದ್ದು ಹೋಗುವ ಹಾಗಿತ್ತು. ಬೇರೆ ಅಂಗಡಿಯ ಇಂಗ್ಲಿಷ್ ವರ್ಣನೆಯನ್ನು ಇದ್ದ ಹಾಗೇ ಎತ್ತಿ ಹಾಕಿದೆ. ಸರ್ ಅದನ್ನು ಗಟ್ಟಿಯಾಗಿ ಓದಿದರು. ಪರಂಪರೆಯ ಸೊಬಗು, ಆರೋಗ್ಯದ ಸಂಗಮ ಎಂದೇನೋ ಇತ್ತು. "ನಿಮ್ಮ ಅಪ್ಪಾ ಹಿಂಗ ಮಾತಾಡ್ತಾರೇನ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತ ಯಾರ ಮಾಡ್ಯಾರ ಈ ಗಡಗಿ?" ಎಲ್ಲ ಅಳಿಸಿ ನನ್ನ ಮಾತಿನಲ್ಲಿ ಬರೆದೆ. ಯಾವ ಗಡಗಿಗೆ ಎಷ್ಟು ಅನ್ನ ಹಿಡಿಯುತ್ತದೆ, ಯಾವುದರಲ್ಲಿ ಮೊಸರು ಗಟ್ಟಿಯಾಗುತ್ತದೆ, ಯಾವುದು ಗ್ಯಾಸಿನ ಒಲೆಗೆ ನಡೆಯುತ್ತದೆ ಎಂದು.

ಒಂದು ದಿನ ಬಸ್ಸಿನಲ್ಲಿ ಸರ್ಚ್ ಮಾಡಿ ನೋಡಿದರೆ ನಮ್ಮ ಅಂಗಡಿ ಮೇಲಿನಿಂದ ಮೂರನೆಯದು. ಬಸ್ಸಿನಿಂದಲೇ ಮನೆಗೆ ಫೋನು ಮಾಡಿದೆ. ಕಾಕಿ ಶಿರಾ ಮಾಡಿದಳು. ಮರುದಿನ ಸರ್ ಮುಂದೆ ಫೋನು ಹಿಡಿದೆ. ಅವರು ತಮ್ಮ ಫೋನಿನಲ್ಲಿ ಅದನ್ನೇ ಹೊಡೆದು, ಬೆರಳಿನಿಂದ ಜಾರಿಸುತ್ತ ಜಾರಿಸುತ್ತ ಕೆಳಗೆ ಹೋದರು. ಎಷ್ಟೋ ಪುಟ ಆದ ಮೇಲೆ ನಾವು ಕಂಡೆವು.

"ನಿನ್ನ ಫೋನಿಗೆ ನೀ ಯಾರಂತ ಗೊತ್ತೈತಿ. ದಿನಾ ಅದ ಅಂಗಡಿ ತಗದು ನೋಡ್ತೀ, ಅದಕ್ಕ ಮ್ಯಾಲ ತೋರಸ್ತೈತಿ. ಮನಿ ನಾಯಿ ಬಾಲ ಅಲ್ಲಾಡಸ್ತು ಅಂದ್ರ ಊರೆಲ್ಲಾ ಮರ್ಯಾದಿ ಕೊಟ್ಟಂಗ ಏನ?"

ಆಫೀಸಿನಲ್ಲಿದ್ದವರು ನಕ್ಕರು. ಆವತ್ತಿನಿಂದ ನನ್ನ ಫೋನನ್ನು ನಂಬುವುದು ಬಿಟ್ಟೆ. ಅಟ್ಟ ಹತ್ತಿ ಒಂದೊಂದೇ ಗಡಗಿ ಇಳಿಸಿ, ಬಾಗಿಲ ಬೆಳಕಿನಲ್ಲಿ ಹೊಸದಾಗಿ ಫೋಟೋ ತೆಗೆದೆ. ಒಂದೊಂದು ಪುಟಕ್ಕೂ ಜನ ನಿಜವಾಗಿ ಕೇಳುವ ಮಾತನ್ನೇ ಹೆಸರಾಗಿ ಇಟ್ಟೆ. ಆಷಾಢ ಹೋಗಿ ಶ್ರಾವಣ ಬರುವಷ್ಟರಲ್ಲಿ ನಾವು ಎರಡನೇ ಪುಟದ ಬಾಲಕ್ಕೆ ಬಂದು ನಿಂತಿದ್ದೆವು. ಈ ಸಲ ಸರ್ ಅವರ ಫೋನಿನಲ್ಲಿ. ಇನ್ನೊಂದು ತಳ್ಳು ಸಾಕಿತ್ತು.

ಆ ತಳ್ಳು ಕೊಟ್ಟವರು ಕಾಕಾ.

ಊಟದ ಹೊತ್ತಿಗೆ ನಾನು ಮಾತಿಗೆ ಹೇಳಿದ್ದೆ, ಗಿರಾಕಿಗಳು ಐದು ಚುಕ್ಕಿ, ಅಂದರೆ ಐದು ಸ್ಟಾರ್, ಕೊಟ್ಟು ಒಳ್ಳೆಯದು ಬರೆದರೆ ಅಂಗಡಿ ಮೇಲೆ ಬರಲು ಅನುಕೂಲ ಎಂದು. ಕಾಕಾ ತಲೆ ಆಡಿಸಿ ಸುಮ್ಮನಿದ್ದರು. ಅವರು ಸುಮ್ಮನಿದ್ದಾಗ ಹೆದರಬೇಕು ಎಂದು ನನಗೆ ತಿಳಿಯಬೇಕಿತ್ತು. ಮುಂದಿನ ರವಿವಾರ ನಾನು ಬೆಳಗಾವಿಯಲ್ಲಿದ್ದೆ. ಕಾಕಾ ಇಡೀ ಓಣಿಯನ್ನು ಅಂಗಡಿಗೆ ಕರೆದು ಚಹಾ ಕೊಟ್ಟು, ಎಲ್ಲರ ಕೈಯಲ್ಲೂ ಬರೆಸಿದ್ದರು. ಬರೆಯಲು ಬಾರದವರ ಫೋನು ಇಸಕೊಂಡು ಪೂಜಾ ಬರೆದುಕೊಟ್ಟಿದ್ದಳು.

ನಮ್ಮಲ್ಲಿ ಮುಯ್ಯಿ ಎಂಬ ಪದ್ಧತಿ ಇದೆ. ನಮ್ಮ ಮನೆಯ ಮದುವೆಗೆ ನೀವು ಏನು ತಂದಿರಿ ಎಂದು ನೆನಪಿಟ್ಟು, ನಿಮ್ಮ ಮನೆಯ ಮದುವೆಗೆ ಅಷ್ಟಕ್ಕೆ ಕಡಿಮೆಯಿಲ್ಲದೆ ಹಿಂತಿರುಗಿಸುವುದು. ಓಣಿಯ ಪ್ರತಿ ಮದುವೆ, ಕೂಸಿಗೆ ಹೆಸರಿಡುವ ಬಾರಸೆ, ಗೃಹಪ್ರವೇಶಕ್ಕೆ ಕಾಕಾ ಮುಂದೆ ನಿಂತವರು. ಆವತ್ತು ಎಲ್ಲರೂ ಆ ಮುಯ್ಯಿಯನ್ನು ಚುಕ್ಕಿಗಳಲ್ಲಿ ತೀರಿಸಿದರು. ನಾನು ಬಸ್ಸಿನಲ್ಲಿ ಕೂತು ಒಂದೊಂದೇ ಓದಿದೆ. "ಶಿವಾಜಿ ಭಾವು ಭಾಳ ದೊಡ್ಡ ಮನಸಿನಾವ್ರು." "ನಮ್ಮ ಮಗಳ ಮದುವ್ಯಾಗ ರಾತ್ರಿ ಹಗಲ ದುಡದಾರ, ದೇವರು ಛಲೋ ಮಾಡ್ಲಿ." "ಏಕ ನಂಬರ್." ಗಡಗಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಒಬ್ಬರು ಐದು ಚುಕ್ಕಿಯ ಕೆಳಗೆ, ಟ್ರ್ಯಾಕ್ಟರ್ ಬಾಡಿಗೆಗೆ ಬೇಕಿದ್ದರೆ ತಮಗೆ ಹೇಳಬೇಕೆಂದು ಬರೆದಿದ್ದರು. ಕಾಕಾ ಕೂಡ ಕೂಡಲೇ ಮುಯ್ಯಿಗೆ ಮುಯ್ಯಿ ಎಂದು ಹಿಟ್ಟಿನ ಗಿರಣಿಗೆ, ಕಟಿಂಗ್ ಅಂಗಡಿಗೆ, ಟೈಲರ್‌ಗೆ ಎಲ್ಲರಿಗೂ ಐದೈದು ಕೊಟ್ಟು ಬಂದಿದ್ದರು.

ಒಂದೇ ಓಣಿ, ಒಂದೇ ವೈಫೈ, ಒಂದೇ ಮಧ್ಯಾಹ್ನ. ಸರ್ಚ್ ನಡೆಸುವ ಯಂತ್ರಕ್ಕೆ ಅದು ಕಳ್ಳತನದ ಹಾಗೆ ಕಂಡಿತು. ಮೂರನೆಯ ದಿನ ಚುಕ್ಕಿಗಳೆಲ್ಲ ಮಾಯವಾದವು. ಫೋನಿನ ನಕಾಶೆಯಲ್ಲಿ ನಮ್ಮ ಅಂಗಡಿ ಇದ್ದ ಜಾಗ ಖಾಲಿಯಾಯಿತು. ಎರಡನೇ ಪುಟದಲ್ಲಿದ್ದ ನಾವು ಎಲ್ಲಿ ಹೋದೆವೋ, ಸರ್ ಜಾರಿಸಿ ಜಾರಿಸಿ ಸಾಕಾಗಿ ಫೋನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

"ಬರದಾವ್ರಾಗ ಕೆಲವೊಬ್ರದು ಹೊರಗ ಕಾಣದಿದ್ರೂ ಇನ್ನೂ ಒಳಗ ಉಳದೈತಿ," ಎಂದರು. "ಅವರ ಕೈಲೇ ತಗಸು. ಆಮ್ಯಾಲ ಅಂಗಡಿ ಖರೇ ಐತಿ ಅಂತ ಅರ್ಜಿ ಹಾಕು. ದಸರಾಕ್ಕ ಇನ್ನ ಭಾಳ ದಿನಾ ಇಲ್ಲ."

ಕಾಕಾಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಿಟ್ಟಿಗೆದ್ದರು. "ನಾ ಯಾರಿಗಿ ರೊಕ್ಕಾ ಕೊಟ್ಟ ಬರಸೇನೇನ? ನಮ್ಮ ಮಂದಿ, ನಮ್ಮ ಬಗ್ಗೆ ನಾಕ ಛಲೋ ಮಾತ ಬರದ್ರ ಅದು ಗುನ್ನೆ ಆತಾ?" ಅವರ ದೃಷ್ಟಿಯಲ್ಲಿ ಅದು ಖರೆಯೇ ಆಗಿತ್ತು.

ಕೊಟ್ಟ ಮುಯ್ಯಿಯನ್ನು ವಾಪಸು ತೆಗೆದುಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳುವುದು ನಮ್ಮ ಕಡೆ ಹೇಗಿರುತ್ತದೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಮುಖಕ್ಕೆ ಬಾಗಿಲು ಹಾಕಿದಂತೆ ಅದು. ಛತ್ರಿ ಹಿಡಿದು ಮೊದಲು ಹಿಟ್ಟಿನ ಗಿರಣಿಯ ಪುಂಡಲೀಕ ಮಾಮಾನ ಹತ್ತಿರ ಹೋದೆ. ಮಾಮಾ ಗಿರಣಿ ಬಂದ್ ಮಾಡಲೂ ಇಲ್ಲ, ಅದರ ಸಪ್ಪಳದ ಮೇಲೆಯೇ ಕೂಗಿ ಮಾತಾಡಿದರು.

"ಯಾಕ, ನಮ್ಮ ಮಾತು ನಿಮಗ ಮೈಲಿಗಿ ಆತೇನು?"

"ಹಂಗಲ್ರಿ ಮಾಮಾ. ಆ ಯಂತ್ರಕ್ಕ ತಿಳಿಯೂದಿಲ್ಲ."

"ತಿಳಿಯೂದಿಲ್ಲಂದ್ರ ಅದಕ್ಕ ಹೇಳಬೇಕು, ನನಗ್ಯಾಕ ಹೇಳ್ತೀ? ನಿಮ್ಮ ಕಾಕಾ ನನ್ನ ಗಿರಣಿಗೆ ಬರದದ್ದನ್ನ ನಾ ತಗೀ ಅಂದೇನೇನ?"

ಕೊನೆಗೆ ಫೋನು ನನ್ನ ಕೈಗೆ ಎಸೆದಂತೆ ಕೊಟ್ಟು, ನೀನೇ ಅಳಿಸಿಕೋ ಎಂದು ಜೋಳದ ಚೀಲದ ಕಡೆ ತಿರುಗಿದರು. ಅಳಿಸಿದೆ. ಆವತ್ತಿನಿಂದ ಮುಂದೆ ಎಷ್ಟೋ ದಿನ ನಮ್ಮ ಮನೆಯ ಹಿಟ್ಟು ದಪ್ಪನಾಗಿಯೇ ಬೀಸಿ ಬರುತ್ತಿತ್ತು.

ಕೊನೆಯ ಮನೆ ಮೆಹಬೂಬಿ ಆಪಾನದು, ನಮ್ಮ ಹಿತ್ತಲ ಗೋಡೆಗೆ ಹತ್ತಿದ ಮನೆ. ನಾನು ಮಾತು ಮುಗಿಸುವ ಮೊದಲೇ ಆಪಾ ಫೋನು ತೆಗೆದರು.

"ತಗದ ಹಾಕ್ತೇನಿ ತಗೋ. ಖರೇ ಹೇಳ್ಲೇನ ರೇಣು? ಅದು ಸುಳ್ಳ ಬರದಿದ್ದೆ."

"ಸುಳ್ಳಂದ್ರ ಹೆಂಗ್ರಿ ಆಪಾ?"

"ನಿಮ್ಮ ಗಡಗಿ ನನ್ನ ಕೈಯಾಗ ಒಡದ ಹೋತು. ಗ್ಯಾಸ್ ಮ್ಯಾಲಿಂದ ಇಳಿಸಿ ಕಟ್ಟಿ ಮ್ಯಾಲ ಇಟ್ಟೆ. ಟಪ್ ಅಂತು. ಸಾರೆಲ್ಲಾ ಹರದು ನೆಲಕ್ಕ."

"ಮತ್ತ ಐದು ಚುಕ್ಕಿ?"

"ನನ್ನ ಮಗಳ ನಿಕಾಕ್ಕ ನಿಮ್ಮ ಕಾಕಾ ನೀರಿನ ಹರವಿ ಎಲ್ಲಾ ತಾನ ಕಳಿಸಿದ್ದ. ಅಂಥಾವಗ ಗಡಗಿ ಒಡೀತು ಅಂತ ಬರೀಲೇನ?"

"ನಮಗರೇ ಹೇಳಬೇಕಿತ್ತು. ಗ್ವಾಡಿ ಆಚೆ ಅದೀವಿ."

"ನಿಮ್ಮ ಅಪ್ಪಾ ಮನಸಿಗೆ ಹಚ್ಕೋತಾನ. ಅದಕ್ಕ ಫೋನಿಗೆ ಕೇಳಿದೆ." ಆಪಾ ಫೋನನ್ನು ಬಾಯಿಯ ಹತ್ತಿರ ಹಿಡಿದು ತೋರಿಸಿದರು. "ಮಣ್ಣಿನ ಗಡಗಿ ಯಾಕ ಒಡೀತೈತಿ ಅಂತ ಕೇಳಿದೆ. ಅದು ಏನೇನೋ ಇಂಗ್ಲಿಷಿನ್ಯಾಗ ಹೇಳ್ತು. ನನಗೇನ ತಿಳೀತೈತಿ. ಪ್ಯಾಟಿಗೆ ಹೋಗಿ ಅಲ್ಯುಮಿನಿಯಂ ಪಾತೇಲಿ ತಂದೆ."

ಛತ್ರಿ ಅಲ್ಲಿಯೇ ಬಿಟ್ಟು ಮಳೆಯಲ್ಲಿ ಓಡಿ ಬಂದೆ. ಗಡಗಿ ಮಾಡುವವನ ಮನೆ ಗೋಡೆಯಾಚೆ ಇದೆ, ಆದರೂ ಆಪಾ ಸಂಕೋಚಕ್ಕೆ ಫೋನನ್ನು ಕೇಳಿದ್ದರು. ಹಾಗೆ ಎಷ್ಟು ಮನೆಯ ಹೆಂಗಸರು ಒಡೆದ ಗಡಗಿ ಮುಂದಿಟ್ಟುಕೊಂಡು ಫೋನನ್ನು ಕೇಳುತ್ತಿರಬಹುದು. ನಾವು ಬರೆದದ್ದೆಲ್ಲ ನಮ್ಮ ಗಡಗಿ ಎಷ್ಟು ಚೆನ್ನ ಎಂದು. ಅದನ್ನು ಯಾರೂ ಕೇಳಿರಲಿಲ್ಲ. ಜನ ಕೇಳುತ್ತಿದ್ದದ್ದು ಯಾಕೆ ಒಡೆಯಿತು ಎಂದು. ಅದಕ್ಕೆ ಉತ್ತರ ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅದೂ ಬರೆಯುವ ವಿಷಯ ಎಂದು ನನಗೆ ಹೊಳೆದಿರಲಿಲ್ಲ.

ಹಿತ್ತಲಿನಲ್ಲಿ ಅಪ್ಪ ಕೂಡಿಟ್ಟ ಬೋಕಿಗಳ ರಾಶಿ ಇತ್ತು, ಮನೆಯವು, ಗಿರಾಕಿಗಳು ಹಿಂದಕ್ಕೆ ತಂದವು, ಎಲ್ಲ ಒಡೆದ ಗಡಗಿ. ಇಬ್ಬರೂ ಪಡಸಾಲೆಗೆ ತಂದು ಹರವಿದೆವು. ಬಾಯಿಯಿಂದ ಕೆಳಗೆ ಇಳಿದ ಬಿರುಕು ತಟ್ಟಿಸಿಕೊಂಡದ್ದು. ತಳದಲ್ಲಿ ಬಳೆಯ ಹಾಗೆ ಸುತ್ತಿದ್ದು, ಬಿಸಿ ಗಡಗಿಯನ್ನು ತಣ್ಣನೆಯ ಕಲ್ಲಿನ ಮೇಲೆ ಇಟ್ಟದ್ದು. ಮೈತುಂಬ ಜೇಡರ ಬಲೆಯ ಹಾಗೆ ಇದ್ದದ್ದು ಪಳಗಿಸದೆ ದೊಡ್ಡ ಉರಿಗೆ ಇಟ್ಟದ್ದು. ಅಪ್ಪ ಒಂದೊಂದೇ ಬೋಕಿ ಎತ್ತಿ ಹೇಳುತ್ತಿದ್ದರು, ನಾನು ಫೋಟೋ ತೆಗೆಯುತ್ತಿದ್ದೆ. ಒಂದು ಬೋಕಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಅವರ ತಪ್ಪಲ್ಲ," ಎಂದರು ಕೊನೆಗೆ. "ಇದು ನಾ ಅವಸರದಾಗ ಸುಟ್ಟದ್ದು. ಇದನ್ನೂ ಹಾಕು."

ಕಾಕಾ ಒಳಗೆ ಬಂದಾಗ ಪಡಸಾಲೆಯ ತುಂಬ ಒಡೆದ ಗಡಗಿ.

"ಏನಿದು?"

ಹೇಳಿದೆ. ಅವರು ಚಪ್ಪಲಿ ಕೂಡ ಕಳೆಯದೆ ನಿಂತರು.

"ನಮ್ಮ ಗಡಗಿ ಒಡೀತಾವು ಅಂತ ನಾವ ಬೋರ್ಡ ಹಾಕೂದಾ? ಖಾನಾವಳಿಯಾವ ನಮ್ಮಲ್ಲಿ ಪಲ್ಯಾ ಹಳಸ್ತೈತಿ ಅಂತ ಬರೀತಾನೇನ?"

"ಹಳಸಬಾರದಂದ್ರ ಏನ ಮಾಡ್ಬೇಕು ಅಂತ ಬರೀತೇನ್ರಿ ಕಾಕಾ."

"ಓದಾವರು ಅಷ್ಟ ಓದೂದಿಲ್ಲ. ಒಡೀತೈತಿ ಅನ್ನೂದೊಂದ ಓದತಾರ. ಹೆಸರ ಒಂದ ಉಳದಿತ್ತು, ಅದನ್ನೂ ಕಳಿ. ನಿನಗ ಒಂದ ಸರ್ಟಿಫಿಕೇಟ್ ಸಲುವಾಗಿ ಅಂಗಡಿ ಮುಳಗಬೇಕೇನು?"

ನಾನು ತಿರುಗಿ ಏನೋ ಅನ್ನುವವಳಿದ್ದೆ. ಅಷ್ಟರಲ್ಲಿ ಅಪ್ಪ ಮಾತಾಡಿದರು. ಅಪ್ಪ ಕಾಕಾನ ಮಾತಿಗೆ ಅಡ್ಡ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಒಡಿಯೂದನ್ನ ಮಾಡಿದಾವ ನಾ. ಬರೀಲಿ ಬಿಡು, ಶಿವಾಜಿ."

ಕಾಕಾ ಬಂದ ಹಾದಿಯಲ್ಲೇ ಹೊರಗೆ ಹೋದರು. ಆವತ್ತು ಊಟಕ್ಕೂ ಬರಲಿಲ್ಲ.

ಪುಟವನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ನನಗೆ ಬಂದಷ್ಟು ಸಾದಾ ಇಂಗ್ಲಿಷಿನಲ್ಲಿ ಬರೆದೆ. ಮೇಲೆ ಒಂದೇ ಸಾಲು: ಮಣ್ಣಿನ ಗಡಗಿ ಯಾಕೆ ಒಡೆಯುತ್ತದೆ. ಕೆಳಗೆ ಬೋಕಿಗಳ ಫೋಟೋ, ಒಂದೊಂದಕ್ಕೂ ಎರಡು ಮಾತು. ಅದರ ಕೆಳಗೆ ಗಂಜಿಯಲ್ಲಿ ಪಳಗಿಸುವ ರೀತಿ. ಆಪಾನ ಅಡುಗೆಮನೆಯಲ್ಲೇ ನಿಂತು ಅದರ ಫೋಟೋ ತೆಗೆದೆ. ಅಪ್ಪ ಅವರಿಗೆ ಹೊಸ ಗಡಗಿ ಕಳಿಸಿದ್ದರು. ಅಪ್ಪ ಅವಸರದಲ್ಲಿ ಸುಟ್ಟ ಬೋಕಿಯನ್ನೂ ಹಾಕಿ, ಹೀಗೆ ಒಡೆದರೆ ತಪ್ಪು ಗಡಗಿ ಮಾಡಿದವರದು, ಬದಲಿ ಕೊಡುತ್ತೇವೆ ಎಂದು ಬರೆದೆ. ಅಂಗಡಿಯ ಫಲಕ, ಕರೆಂಟ್ ಬಿಲ್ಲು ಹಚ್ಚಿ ನಕಾಶೆಗೂ ಅರ್ಜಿ ಹಾಕಿದೆ.

ಆಮೇಲೆ ಕಾಯುವುದು. ಅದು ನನಗೆ ಬರುವುದಿಲ್ಲ. ಗಣಪತಿ ಕೂತರು, ಗಣಪತಿ ಹೋದರು. ಬಸ್ಸಿನಲ್ಲಿ ಪಕ್ಕದವರ ಫೋನು ಇಸಕೊಂಡು ಸರ್ಚ್ ಮಾಡುತ್ತಿದ್ದೆ. ಕಾಲೇಜಿನ ಜವಾನನ ಫೋನು, ಕಂಡಕ್ಟರ್ ಫೋನು ಯಾವುದನ್ನೂ ಬಿಡಲಿಲ್ಲ. ನಕಾಶೆಯಲ್ಲಿ ಅಂಗಡಿ ವಾಪಸು ಬಂತು. ಪುಟ ಮಾತ್ರ ಇವತ್ತು ಮೇಲೆ, ನಾಳೆ ಕೆಳಗೆ. ದಸರಾ ರಜೆಯ ಹಿಂದಿನ ವಾರ ಸರ್ ಕೇಳಿದರು, "ಏನಂತ ಬರೀಲಿ ಬೇಟಾ?" ಇನ್ನು ನಾಲ್ಕು ದಿನ ಎಂದೆ. ನಾಲ್ಕು ದಿನದಲ್ಲಿ ಏನು ಆಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿಯ ಫೋನು ರಿಂಗಾಯಿತು. ಕಾಕಾ ಎತ್ತಿದರು. ನಾನು ಒಳಗೆ ಹುಲ್ಲು ಕಟ್ಟುತ್ತಿದ್ದೆ. ಆ ಕಡೆಯಿಂದ ಹೆಂಗಸೊಬ್ಬಳು ಮರಾಠಿಯಲ್ಲಿ ಬೈಯುವುದು ನನಗೂ ಕೇಳುತ್ತಿತ್ತು. ಪುಣೆಯವಳಂತೆ. ಯಾವುದೋ ಅಂಗಡಿಯಿಂದ ತಂದ ಗಡಗಿ ಮೂರನೇ ಸಲದ ಅಡುಗೆಗೇ ಒಡೆದಿತ್ತು. ನಮ್ಮದಲ್ಲ. ಕಾಕಾ ಮೊದಲು ಅದನ್ನೇ ಹೇಳಿದರು, ತಾಯಿ ಅದು ನಮ್ಮ ಮಾಲಲ್ಲ ಎಂದು. ಗೊತ್ತು, ನಿಮ್ಮಲ್ಲಿ ಬರೆದದ್ದು ಓದಿಯೇ ಫೋನು ಮಾಡಿದ್ದೇನೆ, ಬಿರುಕು ಬಳೆಯ ಹಾಗೆ ಇದೆ, ಆದರೆ ನಾನು ಕಲ್ಲಿನ ಮೇಲೆ ಇಟ್ಟಿಲ್ಲವಲ್ಲ ಎಂದಳು ಅವಳು. ಕಾಕಾ ಸ್ಟೂಲು ಎಳೆದುಕೊಂಡು ಕೂತರು.

"ಬಿಸಿ ಗಡಗಿಯೊಳಗ ತಣ್ಣೀರು ಸುರವಿದ್ರೇನು?" ಎಂದು ಮರಾಠಿಯಲ್ಲಿ ಕೇಳಿದರು.

ಹೌದು, ಸುರಿದಿದ್ದೆ ಎಂದು ಅವಳು ದನಿ ಇಳಿಸಿದಳು.

ಅರ್ಧ ತಾಸು ಮಾತಾಡಿದರು. ತಾಯಿ, ಅದು ನಮ್ಮ ಮಾಲಲ್ಲ ಎಂದು ಸುರುವಾದದ್ದು ಕೊನೆಗೆ ತಾಯಿ, ಮಗನ ಶಾಲೆ ಹೇಗೆ ನಡೆದಿದೆ ಎಂಬಲ್ಲಿಗೆ ಬಂದಿತ್ತು. ಫೋನು ಇಟ್ಟ ಮೇಲೆ ಕಾಕಾ ಒಳಗೆ ಬಂದು, ಅಟ್ಟದ ಮೇಲಿಂದ ದೊಡ್ಡದೊಂದು, ಸಣ್ಣದೆರಡು ಇಳಿಸು ಎಂದಷ್ಟೇ ಹೇಳಿದರು. ಪುಣೆಗೆ ಕಳಿಸಲಿಕ್ಕೆ ಎಂದು ಕೇಳದೆಯೇ ತಿಳಿಯಿತು. ಹುಲ್ಲು ಮಾತ್ರ ತಾವೇ ಕಟ್ಟಿದರು.

ಆವತ್ತೇ ಬಸ್ಸು ಹಿಡಿದು ರವಿವಾರ ಪೇಟೆಗೆ ಹೋದೆ. ಸರ್ ತಮ್ಮ ಫೋನಿನಲ್ಲಿ ನೋಡಲಿಲ್ಲ. ಪುಣೆ, ಹುಬ್ಬಳ್ಳಿ, ಪಣಜಿಯಲ್ಲಿದ್ದ ತಮ್ಮ ಗೆಳೆಯರಿಗೆ ಹೇಳಿ ಅವರ ಫೋನಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಹುಡುಕಿಸಿದರು. ಅವರ ಫೋನಿನ ಪರದೆಯ ಚಿತ್ರಗಳು ಒಂದೊಂದಾಗಿ ಬಂದವು. ಮೊದಲನೇ ಪುಟ. ಹುಬ್ಬಳ್ಳಿಯದರಲ್ಲಿ ಎಲ್ಲಕ್ಕಿಂತ ಮೇಲೆ. ಇಂಗ್ಲಿಷಿನಲ್ಲಿ ಮಾತ್ರ ಇನ್ನೂ ಹಿಂದೆ ಇದ್ದೆವು.

"ಇಂಗ್ಲಿಷಿನ್ಯಾಗ ಆಗಿಲ್ಲ ಅಂತನೂ ಬರೀತೇನಿ," ಎಂದರು ಸರ್, ಕಂಪ್ಯೂಟರ್ ಕಡೆ ತಿರುಗುತ್ತ. "ಖರೇ ಬರದ್ರ ಮ್ಯಾಲ ಬರ್ತಾರಂತ ನೀನ ತೋರ್ಸೀಯಲ್ಲ." ಅವರು ಹೊಗಳಿದ್ದು ಅಷ್ಟೇ. ಮೆಟ್ಟಿಲಿಳಿಯುವಾಗ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಮೆಣಸಿನಕಾಯಿ ಅಂಗಡಿಯವರು ದಿನಾ ನೋಡುವುದೇ ಆದ್ದರಿಂದ ಯಾರೂ ಏನೂ ಕೇಳಲಿಲ್ಲ.

ಅದರ ಮುಂದಿನದು ಓದುವುದು, ಬರೆಯುವುದು. ಅದಕ್ಕೆ ನಾನು ಹೆದರಿರಲಿಲ್ಲ. ಪರೀಕ್ಷೆ ಬರೆದೆ, ಪಾಸಾದೆ. ಬೇಸಿಗೆಯಲ್ಲಿ ಮದುವೆಯ ಮಾತು ಯಾರೂ ತೆಗೆಯಲಿಲ್ಲ, ಆವಿಗೆ ಬಿಡುವಿಲ್ಲದೆ ಉರಿಯುತ್ತಿತ್ತು. ಇಮ್ತಿಯಾಜ್ ಸರ್ ಆಫೀಸಿನಲ್ಲೇ ಕೆಲಸ ಸಿಕ್ಕಿತು.

ಮರುವರ್ಷ ಡಿಗ್ರಿ ಸರ್ಟಿಫಿಕೇಟ್ ಬಂದಿದೆ, ಒಯ್ಯಿರಿ ಎಂದು ಕಾಲೇಜಿನಿಂದ ಫೋನು ಬಂತು. ಕಾಕಾ ತಮಗೂ ಬೆಳಗಾವಿಯಲ್ಲಿ ಕೆಲಸವಿದೆ, ಪಾರ್ಸೆಲ್ಲಿಗೆ ರಟ್ಟಿನ ಡಬ್ಬಿ ತರಬೇಕು ಎಂದು ಜೊತೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಟ್ಟಿನ ಡಬ್ಬಿ ತರಲು ಹೋಗುವವರನ್ನು ನಾನು ಬೇರೆ ನೋಡಿಲ್ಲ.

ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ಕೂತಿದ್ದರು. ಸಹಿ ಮಾಡಿಸಿಕೊಂಡು, ಲಕೋಟೆಯಿಂದ ಹಾಳೆ ತೆಗೆದು, ಹೆಸರು ಸರಿ ಇದೆಯೇ ನೋಡಿಕೊಳ್ಳಿ ಎಂದು ಕಿಟಕಿಯಿಂದ ಹೊರಗೆ ಹಿಡಿದರು. ನಾನು ಕೈ ಚಾಚುವ ಮೊದಲೇ ಕಾಕಾ ಇಸಕೊಂಡರು. ಅದಕ್ಕೆ ಮೊದಲು ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡಿದ್ದರು. ನನ್ನ ಹೆಸರನ್ನು ತುಟಿಯಲ್ಲೇ ಓದಿದರು, ಅಪ್ಪನ ಹೆಸರನ್ನೂ. ಆಮೇಲೆ ಹಾಳೆಯನ್ನು ನನ್ನ ಕೈಯಲ್ಲಿಟ್ಟು ಕಿಟಕಿಗೆ ಬಗ್ಗಿದರು.

"ಬಾಯಾರ, ಬಿ.ಕಾಂ. ಫಾರ್ಮ್ ಎಂದ ಕೊಡ್ತೀರಿ?"

"ಯಾರಿಗ್ರಿ? ಇವರದ ಮುಗೀತಲ್ರಿ."

"ಇವಳಿಗಲ್ರಿ. ಮನ್ಯಾಗ ಇನ್ನೊಬ್ಬಾಕಿ ಅದಾಳ."

"ಅದು ಬಾಜೂ ಕಿಟಕಿರಿ. ಈಗ ಊಟದ ಹೊತ್ತು, ಬಂದ್ ಐತಿ."

ಕಾಕಾ ಮುಚ್ಚಿದ ಕಿಟಕಿಯನ್ನು ನೋಡಿದರು. ಅದರ ಮುಂದಿನ ಬಾಕಿನ ಮೇಲೆ ಹೋಗಿ ಕೂತು, ನನಗೂ ಜಾಗ ಬಿಟ್ಟರು.

"ಕುಂದರ ರೇಣು. ತಗಿಯೂತನಕ ಇಲ್ಲೇ ಕುಂದರೂಣು. ಪೂಜಾನ ಹೆಸರು ಬರಸೇ ಊರಿಗೆ ಹೋಗೂಣು."